ಗಣಕಯಂತ್ರದ ಜೀರ್ಣೋದ್ಧಾರ

ಹಳೆಯ ದೇವಾಲಯವೊಂದರ ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ನಮ್ಮ ಹಿರಿಯರು ಒಂದು ಕ್ರಮವನ್ನು ತಪ್ಪದೆ ಪಾಲಿಸುತ್ತಿದ್ದರು, ಈಗಲೂ ಪಾಲಿಸುವವರುಂಟು. ಗೋಡೆಯ ಒಂದು ಕಲ್ಲನ್ನು ಅಲುಗಿಸುವುದಕ್ಕೆ ಮೊದಲು, ಸಮೀಪದಲ್ಲಿ ಬಾಲಾಲಯವೆಂಬ ಚಿಕ್ಕ ಗುಡಿಯನ್ನು ಕಟ್ಟಿ, ದೇವರ ಸಾನ್ನಿಧ್ಯವನ್ನು ಅಲ್ಲಿಗೆ ಬರಮಾಡಿಕೊಂಡು, ನಿತ್ಯಪೂಜೆ ನಿಲ್ಲದಂತೆ ಏರ್ಪಾಡು ಮಾಡಿ, ಆಮೇಲೆ ಹಾರೆ ಗುದ್ದಲಿಗಳನ್ನು ಕೈಗೆತ್ತಿಕೊಳ್ಳುವುದು ಆ ಕ್ರಮ. ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಯಾವುದಕ್ಕಾಗಿ ಆ ಕಟ್ಟಡವಿದೆಯೋ ಅದಕ್ಕೆ ಕುಂದು ಬರಬಾರದೆಂಬುದೇ ಇದರ ತಾತ್ಪರ್ಯ. ಇಂದು ನಾನು ಹೇಳಹೊರಟಿರುವುದು ದೇವಾಲಯದ ಮಾತಲ್ಲ. ನಿಮ್ಮ ಮನೆಯ ಮೇಜಿನ ಮೇಲಿರುವ ಗಣಕಯಂತ್ರದ ಮಾತು. ಆದರೆ ನ್ಯಾಯ ಎರಡಕ್ಕೂ ಒಂದೇ.

ಗಣಕಯಂತ್ರವೆಂದರೆ ಬರಿಯ ಲೋಹವೂ ಗಾಜೂ ಅಲ್ಲವಷ್ಟೆ. ನೀವು ಒತ್ತಿದ ಅಕ್ಷರವನ್ನು ತೆರೆಯ ಮೇಲೆ ತೋರಿಸುವುದು, ಬರೆದದ್ದನ್ನು ಕಾಪಾಡುವುದು, ಮುದ್ರಿಸಲು ಕಳುಹಿಸುವುದು, ಒಂದು ಕೆಲಸಕ್ಕೂ ಇನ್ನೊಂದು ಕೆಲಸಕ್ಕೂ ಘರ್ಷಣೆಯಾಗದಂತೆ ನೋಡಿಕೊಳ್ಳುವುದು, ಇವೆಲ್ಲವನ್ನೂ ಒಳಗೆ ಕುಳಿತು ನಡೆಸುವ ಒಬ್ಬ ಪಾರುಪತ್ತೆಗಾರನುಂಟು. ಅವನನ್ನೇ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ನಮ್ಮ ಊರುಗಳ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10ಕ್ಕೆ ಎಂದಿನಂತೆ ರಕ್ಷಣಾ ತಿದ್ದುಪಡಿಗಳನ್ನು ಕಳುಹಿಸುವುದನ್ನು ಆ ಸಂಸ್ಥೆ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ಗಡುವನ್ನು ಪ್ರಕಟಿಸಿತು. ಆ ದಿನ ಯಂತ್ರಗಳೇನೂ ನಿಂತುಹೋಗಲಿಲ್ಲ. ಆದರೆ ಬೀಗ ಹಳೆಯದಾದ ಮನೆಯ ಸ್ಥಿತಿ ಅವುಗಳಿಗೆ ಬಂದಿತು. ಆದ್ದರಿಂದ ಮನೆ ಮನೆಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ವಿಂಡೋಸ್ 11ಕ್ಕೆ ಹೋಗುವ ಪ್ರಯತ್ನ ನಡೆದಿದೆ. ಅನೇಕರು ಬೇಕಾದ ಫೈಲನ್ನು ತಾವೇ ಡೌನ್‌ಲೋಡ್ ಮಾಡಿಕೊಂಡು ಕೆಲಸಕ್ಕೆ ಕೂಡುತ್ತಾರೆ; ನಡುದಾರಿಯಲ್ಲಿ ಯಾವುದೋ ತೊಡಕು ಬಂದು ಕೈಕಟ್ಟಿ ಕೂಡುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ನೀವು ಕೇಳಬಹುದು. ಯಂತ್ರದ ಒಳಗೆ ಇರುವುದು ಬಹುಮಟ್ಟಿಗೆ ಅಕ್ಷರವೇ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಅರ್ಥ. ಆ ಅರ್ಥವನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದೆ ಬರುವ ಸಂಖ್ಯೆಗಳು ಬಾನುಲಿಯಲ್ಲಿ ಕೇಳಿದರೆ ಕಿವಿಯಲ್ಲಿ ನಿಲ್ಲುವಂಥವಲ್ಲ. ಈ ಪುಟವನ್ನು ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದಾಗಿ ನೋಡುತ್ತ ಹೋಗಿ.

ಮೊದಲನೆಯದು ಬಾಲಾಲಯ. ವಿಂಡೋಸ್ ಕೆಟ್ಟರೆ ಇನ್ನೊಮ್ಮೆ ಡೌನ್‌ಲೋಡ್ ಮಾಡಬಹುದು. ಮಗಳ ಮದುವೆಯ ಭಾವಚಿತ್ರ, ಮಗ್ಗದ ಲೆಕ್ಕ, ಮಕ್ಕಳಿಗಾಗಿ ಬರೆದ ಟಿಪ್ಪಣಿ, ಇವುಗಳನ್ನು ಯಾವ ಸಂಸ್ಥೆಯೂ ಮರಳಿ ಕೊಡಲಾರದು. ಆದ್ದರಿಂದ ಅವೆಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ನಕಲು ಮಾಡಿ. ಡೆಸ್ಕ್‌ಟಾಪಿನ ಮೇಲೆ ಹರಡಿರುವ ಫೈಲುಗಳನ್ನು ಬಹಳ ಜನ ಮರೆಯುತ್ತಾರೆ, ಅವನ್ನೂ ಸೇರಿಸಿ. ನಕಲಾಯಿತೆಂದು ಸುಮ್ಮನಾಗದೆ, ಇನ್ನೊಂದು ಯಂತ್ರದಲ್ಲಿ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ತೆರೆದರೆ ಮಾತ್ರ ಅದು ನಕಲು. ಬಳಿಕ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡಿ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. ಕೆಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಒಳಗಿಂದಲೇ ಹಾಕಿರುತ್ತದೆ. ಯಂತ್ರದ ಮೂಲ ಏರ್ಪಾಡನ್ನು ಬದಲಿಸಿದಾಗ ಅದು 48 ಅಂಕಿಗಳ ಒಂದು ಕೀಲಿಯನ್ನು ಕೇಳಬಹುದು. ಅದಿಲ್ಲದಿದ್ದರೆ ನಿಮ್ಮ ಫೈಲು ನಿಮ್ಮ ಕಣ್ಣೆದುರಿಗಿದ್ದರೂ ನಿಮಗೆ ದಕ್ಕದು. ಸೆಟ್ಟಿಂಗ್ಸಿನಲ್ಲಿ ಈ ಬೀಗವಿದೆಯೇ ಎಂದು ಮೊದಲೇ ನೋಡಿ, ಇದ್ದರೆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಎರಡನೆಯದು ಅರ್ಹತೆ. ವಿಂಡೋಸ್ 11ಕ್ಕೆ 64 ಬಿಟ್ಟಿನ ಪ್ರೊಸೆಸರ್, 4 ಜಿಬಿ ಜ್ಞಾಪಕಶಕ್ತಿ, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ ಎಂಬ ಸುರಕ್ಷಿತ ಆರಂಭದ ಸೌಕರ್ಯ, ಟಿಪಿಎಂ 2.0 ಎಂಬ ರಕ್ಷಣಾ ಘಟಕ, ಇಷ್ಟು ಬೇಕು. ಮೈಕ್ರೋಸಾಫ್ಟಿನವರೇ ಕೊಡುವ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಆ್ಯಪ್ ಇವುಗಳನ್ನು ನೋಡಿ ಹೇಳುತ್ತದೆ. ಟಿಪಿಎಂ ಇಲ್ಲವೆಂದು ಅದು ಹೇಳಿದ ಕೂಡಲೇ ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಲು ಹೊರಡಬೇಡಿ. ಎಷ್ಟೋ ಯಂತ್ರಗಳಲ್ಲಿ ಆ ಘಟಕ ಇದ್ದೂ ಆರಿಸಿಟ್ಟಿರುತ್ತದೆ. ಯಂತ್ರ ಹೊತ್ತಿಕೊಳ್ಳುವಾಗ ತೆರೆಯುವ ಬಯಾಸ್ ಪುಟದಲ್ಲಿ, ಇಂಟೆಲ್ ಪ್ರೊಸೆಸರಿನ ಯಂತ್ರವಾದರೆ ಪಿಟಿಟಿ ಎಂದೂ, ಎಎಂಡಿ ಯಂತ್ರವಾದರೆ ಎಫ್‌ಟಿಪಿಎಂ ಎಂದೂ ಅದರ ಹೆಸರಿರುತ್ತದೆ. ಅಲ್ಲಿ ಹೊತ್ತಿಸಿದರೆ ಕೆಲಸವಾಯಿತು. ಪ್ರೊಸೆಸರೇ ಹಳೆಯದೆಂದು ಬಂದರೆ ಮಾತ್ರ ಬೇರೆ ದಾರಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೂರನೆಯದು ಡೌನ್‌ಲೋಡ್ ಮಾಡಿದ ಫೈಲಿನ ಶುದ್ಧಿ. ಐಎಸ್ಒ ಎಂಬ ಈ ಫೈಲು 5 ಜಿಬಿಗಿಂತ ದೊಡ್ಡದು. ಅದನ್ನು ತಯಾರಕರ ತಾಣದಿಂದಲೇ ತರಿಸಬೇಕು. ಗೆಳೆಯರ ಪೆನ್‌ಡ್ರೈವಿನಲ್ಲಿ ಬಂದದ್ದು, ಎಲ್ಲಿಯೋ ಪುಕ್ಕಟೆ ಸಿಕ್ಕಿದ್ದು ಬೇಡ. ಅದರ ಹೊಟ್ಟೆಯಲ್ಲಿ ಏನಿದೆಯೆಂದು ಬಲ್ಲವರಿಲ್ಲ. ತಯಾರಕರಿಂದ ತರಿಸಿದ್ದು ಕೂಡ, ನಡುವೆ ಜಾಲದ ಸಂಪರ್ಕ ಕಡಿದು ಮತ್ತೆ ಕೂಡಿದಾಗ, ಎಲ್ಲಿಯೋ ಒಂದು ಕಡೆ ಊನವಾಗಿ ಬಂದಿರಬಹುದು.

ಇದಕ್ಕೆ ಪರಿಹಾರವುಂಟು. ಓಲೆಗರಿಯ ಕಾಲದಲ್ಲಿ ಲಿಪಿಕಾರನು ಪ್ರತಿ ಮಾಡಿದ ಮೇಲೆ, ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂಬ ಲೆಕ್ಕದಲ್ಲಿ ಬರೆಹವನ್ನು ಎಣಿಸುವ ವಾಡಿಕೆಯಿತ್ತು. ಎಣಿಕೆ ತಪ್ಪಿದರೆ ಎಲ್ಲಿಯೋ ಪಂಕ್ತಿ ಬಿಟ್ಟುಹೋಗಿದೆಯೆಂದು ತಿಳಿಯುತ್ತಿತ್ತು. ಗಣಕಯಂತ್ರದಲ್ಲಿಯೂ ಇಂಥ ಒಂದು ಎಣಿಕೆಯಿದೆ. ಅದು ಓಲೆಗರಿಯ ಎಣಿಕೆಗಿಂತ ಬಹಳ ಸೂಕ್ಷ್ಮ. ಫೈಲನ್ನೆಲ್ಲ ಓದಿ, ಅಂಕಿಗಳೂ ಎ ಇಂದ ಎಫ್ ವರೆಗಿನ ಅಕ್ಷರಗಳೂ ಬೆರೆತ 64 ಸ್ಥಾನಗಳ ಒಂದು ಗುರುತನ್ನು ಅದು ಕೊಡುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ಪವರ್‌ಶೆಲ್ ಎಂಬ ಕಿಟಕಿಯನ್ನು ತೆರೆದು, ಗೆಟ್-ಫೈಲ್‌ಹ್ಯಾಶ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, ಫೈಲನ್ನು ಎಳೆದುತಂದು ಅಲ್ಲಿ ಹಾಕಿ, ಎಂಟರ್ ಒತ್ತಿದರೆ ಆ ಗುರುತು ಬರುತ್ತದೆ. ತಯಾರಕರು ತಮ್ಮ ಡೌನ್‌ಲೋಡ್ ಪುಟದಲ್ಲಿ ಪ್ರಕಟಿಸಿರುವ ಗುರುತಿನೊಡನೆ ಅದನ್ನು ಹೋಲಿಸಿ. ಎರಡೂ ಒಂದೇ ಆದರೆ ಪ್ರತಿ ಶುದ್ಧ. ಬೇರೆಯಾದರೆ ಮತ್ತೆ ಡೌನ್‌ಲೋಡ್ ಮಾಡುವುದೇ ಮಾರ್ಗ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು ದಿನಗಟ್ಟಲೆ ಒದ್ದಾಡುವುದು ಸಲ್ಲ.

ಇಲ್ಲಿ ನಮ್ಮ ದೇಶದ ಬಳಕೆದಾರರಿಗೆ ಮುಖ್ಯವಾದ ಒಂದು ಸೂಕ್ಷ್ಮವಿದೆ. ಡೌನ್‌ಲೋಡಿಗೆ ಮೊದಲು ಭಾಷೆ ಯಾವುದೆಂದು ಕೇಳುತ್ತಾರೆ. ಅಲ್ಲಿ ಅಮೆರಿಕದ ಇಂಗ್ಲಿಷ್ ಒಂದು, ಇಂಗ್ಲಿಷ್ ಇಂಟರ್‌ನ್ಯಾಷನಲ್ ಎಂಬುದು ಇನ್ನೊಂದು. ನಮಗೆ ಎರಡೂ ಇಂಗ್ಲಿಷೇ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಭಾಷೆಗಳು. ಯಂತ್ರದಲ್ಲಿ ಮೊದಲು ಹಾಕಿದ್ದ ಭಾಷೆಗೂ ಈಗ ತಂದ ಪ್ರತಿಯ ಭಾಷೆಗೂ ಹೊಂದಿಕೆಯಿಲ್ಲದಿದ್ದರೆ, "ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳಿ" ಎಂಬ ಆಯ್ಕೆ ಮಂಕಾಗಿ, ಒತ್ತಲು ಬಾರದಂತೆ ನಿಲ್ಲುತ್ತದೆ. ಬಹಳ ಜನ ಆ ಮಂಕನ್ನು ಗಮನಿಸದೆ ಮುಂದಿನ ಗುಂಡಿಯನ್ನು ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿಯೇ ನಿಲ್ಲಿಸಿ, ಹೊರಬಂದು, ಇನ್ನೊಂದು ಇಂಗ್ಲಿಷಿನ ಪ್ರತಿಯನ್ನು ತರಿಸಿ.

ನಾಲ್ಕನೆಯದು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದು. ಯಂತ್ರ ಎಂದಿನಂತೆ ನಡೆಯುತ್ತಿರುವಾಗ, ವಿಂಡೋಸ್ 10ರ ಒಳಗಿನಿಂದಲೇ ಐಎಸ್ಒ ಫೈಲಿನ ಮೇಲೆ ಎರಡು ಸಲ ಒತ್ತಿ, ಸೆಟಪ್ ಎಂಬುದನ್ನು ತೆರೆಯುವುದು ಒಂದು ದಾರಿ. ಹಳೆಯದನ್ನು ಉಳಿಸಿಕೊಂಡು ಮೇಲೇರುವ ದಾರಿ ಇದು. ಪೆನ್‌ಡ್ರೈವಿನಿಂದ ಯಂತ್ರವನ್ನು ಹೊತ್ತಿಸುವುದು ಇನ್ನೊಂದು ದಾರಿ. ಅಲ್ಲಿಂದ ಹೋದರೆ ಆ್ಯಪ್‌ಗಳು ಉಳಿಯುವುದಿಲ್ಲ. ಹೊಸ ಮನೆಯನ್ನೇ ಕಟ್ಟಿದಂತೆ. ಯಾವುದು ಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳಿ.

ಪೆನ್‌ಡ್ರೈವಿನ ದಾರಿಯನ್ನೇ ಹಿಡಿಯಬೇಕಾದರೆ ಅದು 8 ಜಿಬಿಯಾದರೂ ಇರಬೇಕು. ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದೆಂದು ತಿಳಿದಿರಬೇಕು. ಫೈಲುಗಳನ್ನು ಕೈಯಿಂದ ನಕಲು ಮಾಡಹೋದವರಿಗೆ "ಫೈಲು ಬಹಳ ದೊಡ್ಡದು" ಎಂಬ ತಕರಾರು ಎದುರಾಗುವುದುಂಟು. ಪೆನ್‌ಡ್ರೈವಿನಲ್ಲಿ ಜಾಗ ಖಾಲಿಯಿದ್ದರೂ ಹೀಗಾಗುತ್ತದೆ. ಫ್ಯಾಟ್ 32 ಎಂಬ ಹಳೆಯ ಜೋಡಣೆಯ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಸದೆಂಬುದು ಇದಕ್ಕೆ ಕಾರಣ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಎಂಬುದರಿಂದ ಪೆನ್‌ಡ್ರೈವ್ ಸಿದ್ಧಪಡಿಸಿದರೆ ಈ ತೊಡಕು ಬರುವುದಿಲ್ಲ.

ಇನ್ನು ಕೆಲಸ ನಡೆಯುವಾಗ ಬರುವ ತೊಡಕುಗಳು. ತೆರೆಯ ಮೇಲೆ ಅರ್ಥವಾಗದ ಒಂದು ಸಂಖ್ಯೆ ಕಂಡರೆ ಹೆದರಬೇಡಿ. ಅದನ್ನು ಹಾಗೆಯೇ ಬರೆದುಕೊಳ್ಳಿ. ರೋಗಿ ತನ್ನ ನೋವು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದಂತೆ ಅದು. 80070070 ಎಂದು ಕೊನೆಗೊಂಡರೆ ಜಾಗ ಸಾಲದೆಂದು ಅರ್ಥ. ಇಪ್ಪತ್ತೈದು ಮೂವತ್ತು ಜಿಬಿಯಷ್ಟು ತೆರವು ಮಾಡಿಕೊಂಡು ಮತ್ತೆ ತೊಡಗಿ. 8007000ಡಿ ಎಂದು ಬಂದರೆ ಫೈಲಿನಲ್ಲಿ ಊನವಿರುವ ಸಂಭವ ಹೆಚ್ಚು, ಹ್ಯಾಶ್ ನೋಡಿ. ಸಿ1900101 ಎಂದು ಆರಂಭವಾದರೆ ಸಾಮಾನ್ಯವಾಗಿ ಡ್ರೈವರಿನ ಜಗಳ. ಡ್ರೈವರ್ ಎಂದರೆ ಮುದ್ರಣಯಂತ್ರ, ಶಬ್ದ, ಚಿತ್ರ ಮುಂತಾದ ಒಂದೊಂದು ಅಂಗಕ್ಕೂ ಪಾರುಪತ್ತೆಗಾರನಿಗೂ ನಡುವೆ ಮಾತಾಡುವ ದುಭಾಷಿ. ದುಭಾಷಿಗೆ ಹೊಸ ಯಜಮಾನನ ಮಾತು ತಿಳಿಯದಿದ್ದರೆ ಕೆಲಸ ನಿಲ್ಲುತ್ತದೆ. ಆಗ ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಎಲ್ಲವನ್ನೂ ಬಿಡಿಸಿ, ಕೀಲಿಮಣೆ ಮೌಸ್ ಮಾತ್ರ ಉಳಿಸಿ. ಯಂತ್ರ ತಯಾರಿಸಿದವರ ತಾಣದಿಂದ ಹೊಸ ಡ್ರೈವರ್ ಹಾಕಿ. ಬೇರೆ ಸಂಸ್ಥೆಯ ಆ್ಯಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ತೆಗೆಯಿರಿ. ಇಷ್ಟರಲ್ಲಿಯೂ ಕಾರಣ ಹೊಳೆಯದಿದ್ದರೆ ಸೆಟಪ್‌ಡಯಾಗ್ ಎಂಬ ಮೈಕ್ರೋಸಾಫ್ಟಿನ ಉಪಕರಣ ಒಳಗಿನ ದಿನಚರಿಯನ್ನು ಓದಿ ದೋಷವನ್ನು ತೋರಿಸಿಕೊಡುತ್ತದೆ.

ನಮ್ಮ ದೊಡ್ಡಬಳ್ಳಾಪುರದಲ್ಲಿ ಬೀದಿ ಬೀದಿಗೂ ಮಗ್ಗದ ಸದ್ದು ಕೇಳುತ್ತದೆ. ಎಳೆ ಕಡಿದಾಗ ನೇಯುವವರು ಏನು ಮಾಡುತ್ತಾರೆಂಬುದನ್ನು ನೋಡಿ. ಮೊದಲು ಮಗ್ಗವನ್ನು ನಿಲ್ಲಿಸುತ್ತಾರೆ. ಕಡಿದ ಎಳೆ ಯಾವುದೆಂದು ಹುಡುಕುತ್ತಾರೆ. ಅದೊಂದನ್ನೇ ಗಂಟು ಹಾಕಿ, ಮಗ್ಗವನ್ನು ಓಡಿಸಿ ನೋಡುತ್ತಾರೆ. ಒಂದು ಎಳೆ ಕಡಿಯಿತೆಂದು ಹಾಸನ್ನೆಲ್ಲ ಕಿತ್ತುಹಾಕುವ ನೇಕಾರನನ್ನು ನಾನು ಕಂಡಿಲ್ಲ. ಗಣಕಯಂತ್ರದ ಮುಂದೆ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಒಂದೇ ಸಲಕ್ಕೆ ನಾಲ್ಕು ಏರ್ಪಾಡುಗಳನ್ನು ಬದಲಿಸಿ, ಕೊನೆಗೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯದೆ ಕಂಗೆಡುತ್ತೇವೆ. ಒಂದು ಸಲಕ್ಕೆ ಒಂದು ಬದಲಾವಣೆ, ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆಯುವುದು, ಮತ್ತೆ ಪರೀಕ್ಷಿಸುವುದು. ತೊಡಕು ಬಿಡಿಸುವ ವಿದ್ಯೆಯೆಲ್ಲ ಇಷ್ಟೇ.

ತಾಳ್ಮೆಯೂ ಬೇಕು. ಶೇಕಡಾ ಲೆಕ್ಕ ಒಂದೇ ಕಡೆ ಅರ್ಧ ಗಂಟೆ ನಿಂತರೂ ಒಳಗೆ ಕೆಲಸ ನಡೆಯುತ್ತಿರಬಹುದು. ಆ ಹೊತ್ತಿನಲ್ಲಿ ಸ್ವಿಚ್ಚು ಆರಿಸುವುದು ಹೆರಿಗೆಯ ಮನೆಯಲ್ಲಿ ದೀಪ ಆರಿಸಿದಂತೆ. ವಿದ್ಯುತ್ತು ಹೋಗುವ ಊರುಗಳವರು ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂಡಬಾರದು. ಮಡಿಲಗಣಕವಾದರೆ ಬ್ಯಾಟರಿ ತುಂಬಿರಲಿ, ತಂತಿಯೂ ಸೇರಿರಲಿ. ಎಲ್ಲ ಮುಗಿದ ಮೇಲೆ ಹೊಸದು ಹಿಡಿಸಲಿಲ್ಲವೆಂದರೆ, ಹತ್ತು ದಿನಗಳ ಒಳಗೆ ಸೆಟ್ಟಿಂಗ್ಸಿನ ರಿಕವರಿ ಪುಟದಿಂದ ಹಳೆಯದಕ್ಕೆ ಮರಳುವ ಅವಕಾಶವುಂಟು. ಆದ್ದರಿಂದ ಜಾಗ ಉಳಿಸುವ ಆತುರದಲ್ಲಿ ವಿಂಡೋಸ್ ಓಲ್ಡ್ ಎಂಬ ಫೋಲ್ಡರನ್ನು ಆ ಹತ್ತು ದಿನ ಅಳಿಸಬೇಡಿ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಮೇಲೇರುವಿಕೆ ಸುಸೂತ್ರವಾಗಿ ಮುಗಿದ ಮನೆಯಲ್ಲಿಯೂ ಒಂದು ಅನಾಹುತ ನಡೆಯಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ನೇಯ್ಗೆಯ ಕಸುಬಿನವರು. ಸುತ್ತಲ ಹಳ್ಳಿಗಳ ಹೆಂಗಸರಿಂದ ಕೇಳಿದ ಸೋಬಾನೆಯ ಪದಗಳನ್ನು ಬಿಡುವಿನಲ್ಲಿ ತಾವೇ ಟೈಪು ಮಾಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಯಂತ್ರವನ್ನು ಅಂಗಡಿಯೊಂದಕ್ಕೆ ಕೊಟ್ಟು ಹೊಸ ವಿಂಡೋಸ್ ಹಾಕಿಸಿದರು. ಫೈಲುಗಳು ಡಿಸ್ಕಿನ ಬೇರೆ ಭಾಗದಲ್ಲಿದ್ದುದರಿಂದ ಉಳಿದಿದ್ದವು. ಆದರೆ ತೆರೆದು ನೋಡಿದರೆ ಕನ್ನಡವಿಲ್ಲ. ತಲೆಯ ಮೇಲೆ ಗೆರೆ ಚುಕ್ಕಿಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ!

"ಮೇಷ್ಟ್ರೇ, ಅಪ್ಪ ಬರೆದಿದ್ದೆಲ್ಲ ಕೆಟ್ಟುಹೋಗಿದೆ. ಸುಮ್ಮನೆ ಜಾಗ ಹಿಡಿದುಕೊಂಡಿದೆ, ಅಳಿಸಿಬಿಡಲೇ?" ಎಂದು ಆತ ಕೇಳಿದ.

"ಅಳಿಸಬೇಡಪ್ಪ. ಒಂದಕ್ಷರವೂ ಕೆಟ್ಟಿಲ್ಲ. ಉಡುಪು ಕಳಚಿದೆ, ಅಷ್ಟೆ" ಎಂದೆ.

ಇದರ ಗುಟ್ಟು ಹೀಗಿದೆ. ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ. ಜಗತ್ತಿನ ಭಾಷೆಗಳಿಗೆಲ್ಲ ಬೇರೆಬೇರೆ ಸ್ಥಾನ ಕೊಡುವ ಯೂನಿಕೋಡ್ ಎಂಬ ಏರ್ಪಾಡು 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೂ ಮನೆಯಿತ್ತು. ಆದರೆ ಅದು ಮನೆಯ ಯಂತ್ರಗಳಲ್ಲಿ ಚೆನ್ನಾಗಿ ನೆಲೆಯೂರಲು ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಕನ್ನಡದ ಕೆಲಸವನ್ನು ನಡೆಸಿಕೊಟ್ಟದ್ದು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇಂಥ ತಂತ್ರಾಂಶಗಳು. ಇಂಗ್ಲಿಷ್ ಮುಂತಾದ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳ ಚಿತ್ರವನ್ನು ಕೂರಿಸಿ, ಫಾಂಟಿನ ಬಲದಿಂದ ಕನ್ನಡವನ್ನು ತೋರಿಸುವ ಉಪಾಯ ಆಗ ರೂಢಿಯಲ್ಲಿತ್ತು. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಅದೇ ಸಂಖ್ಯೆ ಇಂಗ್ಲಿಷಿನ ವೇಷದಲ್ಲಿ ಕಾಣುತ್ತದೆ. ಹೊಸ ವಿಂಡೋಸ್ ಹಾಕಿದಾಗ ಫಾಂಟು ಹೋಯಿತು, ಬರೆಹ ಉಳಿಯಿತು.

ಆದ್ದರಿಂದ ಇಂಥ ಫೈಲು ಕಂಡರೆ ಮೊದಲು ಆ ಹಳೆಯ ಫಾಂಟನ್ನು ಹಾಕಿ. ಪದಗಳು ಮತ್ತೆ ಕಣ್ಣಿಗೆ ಬಂದುವೆಂದರೆ ಒಂದು ಪ್ರತಿಯನ್ನು ಹಾಗೆಯೇ ಬೇರೆಯಾಗಿ ಇಡಿ. ಇನ್ನೊಂದು ಪ್ರತಿಯನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತನ್ನಿ. ಅದು ಯಾವ ಫಾಂಟಿನ ಹಂಗೂ ಇಲ್ಲದೆ, ಯಾವ ಯಂತ್ರದಲ್ಲಿಯೂ, ಕೈಫೋನಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ದೀರ್ಘ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿ ತಿರುಗಿರುತ್ತವೆ, ಅವನ್ನೂ ಸರಿಪಡಿಸಬೇಕು. ಸೋಬಾನೆ ಪದಗಳ ಆ ಮನೆಯಲ್ಲಿ ಫಾಂಟು ಹಾಕಲು ಹಿಡಿದದ್ದು ಹತ್ತು ನಿಮಿಷ. ತಿದ್ದುವ ಕೆಲಸವನ್ನು ಮಗನೂ ಸೊಸೆಯೂ ಸಂಜೆ ಸಂಜೆ ಕೂತು ಮಾಡುತ್ತಿದ್ದಾರೆ. ಅಂದು ಅಳಿಸುವ ಗುಂಡಿಯನ್ನು ಒತ್ತಿದ್ದರೆ ಆ ಪದಗಳನ್ನು ಮತ್ತೆ ಹೇಳಿಸಲು ಆ ಮುತ್ತಜ್ಜಿಯರು ಇನ್ನೆಲ್ಲಿ?

ಕೊನೆಯದಾಗಿ, ಅರ್ಹತೆಯಿಲ್ಲವೆಂದು ವಿಂಡೋಸ್ 11 ತಿರಸ್ಕರಿಸಿದ ಯಂತ್ರದ ಗತಿಯೇನು? ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಲಿನಕ್ಸ್ ಕುಟುಂಬಕ್ಕೆ ಸೇರಿದ ಉಬುಂಟು, ಮಿಂಟ್ ಮೊದಲಾದ ವ್ಯವಸ್ಥೆಗಳನ್ನು ಹಣ ಕೊಡದೆ ಪಡೆಯಬಹುದು. ಕೇರಳದಲ್ಲಿ ಶಾಲೆಗಳ ಗಣಕಯಂತ್ರಗಳನ್ನು ಕೈಟ್ ಎಂಬ ಸರ್ಕಾರಿ ಸಂಸ್ಥೆ ಇಂಥ ಮುಕ್ತ ತಂತ್ರಾಂಶದಿಂದಲೇ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ಏರ್ಪಾಡಿಗೆ ಸೇರಿವೆ. ಉಬುಂಟುವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಯಂತ್ರವನ್ನು ಹೊತ್ತಿಸಿದರೆ, ಡಿಸ್ಕಿಗೆ ಏನನ್ನೂ ಸೇರಿಸದೆ ಬಳಸಿ ನೋಡುವ ಅನುಕೂಲವುಂಟು. ಶಬ್ದ ಬರುತ್ತದೆಯೇ, ಪ್ರಿಂಟರ್ ನಡೆಯುತ್ತದೆಯೇ, ಕನ್ನಡ ಮೂಡುತ್ತದೆಯೇ ಎಂದು ನೋಡಿ, ಮನಸ್ಸು ಒಪ್ಪಿದರೆ ಉಳಿಸಿಕೊಳ್ಳಬಹುದು. ಮನೆಗೆ ಬಾಡಿಗೆಗೆ ಹೋಗುವ ಮುನ್ನ ನೀರು ಬೆಳಕು ನೋಡಿಕೊಳ್ಳುವುದಿಲ್ಲವೇ, ಹಾಗೆ.

ಇಷ್ಟನ್ನು ಓದಿದವರು ನಾಳೆಯೇ ಹೊಸ ವಿಂಡೋಸ್ ಹಾಕಿಬಿಡಬೇಕೆಂದು ನನ್ನ ಹಟವಿಲ್ಲ. ಈ ಸಂಜೆ ಒಂದು ಕೆಲಸ ಮಾಡಿದರೆ ಸಾಕು. ನಿಮ್ಮ ಯಂತ್ರದಲ್ಲಿ ಕಳೆದುಕೊಳ್ಳಬಾರದ ಬರೆಹ, ಚಿತ್ರ ಯಾವುವಿವೆಯೆಂದು ಮನೆಯವರೆಲ್ಲ ಕೂತು ಒಂದು ಪಟ್ಟಿ ಮಾಡಿ, ಅವುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಡಿ. ಉಳಿದದ್ದನ್ನು ಮುಂದಿನ ಭಾನುವಾರ ನಿಧಾನವಾಗಿ ಮಾಡಿಕೊಳ್ಳಬಹುದು.